ಧರೆಪ್ಪನ ಗಾಡಿಗೆ ಎರಡನೇ ಪಾಲಿಸಿ

ಹದಿನೈದು ವರ್ಷ ಧರೆಪ್ಪ ಕಾಕಾ ನನ್ನ ಕೈಯಿಂದ ಪಾಲಿಸಿ ತೆಗೆದುಕೊಂಡ. ಒಂದು ವರ್ಷವೂ ಬಿಚ್ಚಿ ಓದಲಿಲ್ಲ. ನಾನು ಜಮಖಂಡಿ ಬಸ್‌ಸ್ಟ್ಯಾಂಡಿನ ಎದುರು ಗಾಡಿಗಳ ಇನ್ಶೂರನ್ಸ್ ಮಾಡಿಸಿಕೊಡುವ ಕಲ್ಮೇಶ. ಗಿರಾಕಿಗಳೆಂದರೆ ನನಗೆ ತಲೆನೋವು. ಒಬ್ಬ ಹೋದ ವರ್ಷಕ್ಕಿಂತ ಇನ್ನೂರು ಕಡಿಮೆ ಮಾಡು ಎಂದು ಜೀವ ತಿನ್ನುತ್ತಾನೆ, ಇನ್ನೊಬ್ಬ ಪೊಲೀಸರು ಹಿಡಿದ ಮೇಲೆ ಓಡಿಬಂದು ನಿನ್ನೆಯ ತಾರೀಖು ಹಾಕಿಕೊಡು ಎನ್ನುತ್ತಾನೆ. ಅಂಥವರ ನಡುವೆ ಕಾಕಾ ಒಬ್ಬನೇ ಸುಮ್ಮನೆ ಬಂದು, ಸುಮ್ಮನೆ ಕುಳಿತು, ಚಹಾ ಕುಡಿದು ಹೋಗುವವನು. ಆ ಮನುಷ್ಯ ಹೋದ ಡಿಸೆಂಬರಿನಲ್ಲಿ ನನ್ನ ಅಂಗಡಿಯಲ್ಲೇ, ನಾಲ್ಕು ಜನರ ಮುಂದೆ, ನನ್ನನ್ನು ಕಳ್ಳ ಎಂದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಾನೂ ಬಾಯಿಗೆ ಬಂದದ್ದು ಅಂದೆ. ಈಗ ನೆನೆಸಿಕೊಂಡರೆ ಕಳ್ಳ ನಾನೇ ಆಗಿದ್ದರೆ ಛಲೋ ಇತ್ತು ಅನಿಸುತ್ತದೆ. ನಾನು ಮೋಸ ಮಾಡಿದ್ದರೆ ಅವನು ಎರಡು ದಿನ ಬೈದು ಮರೆತುಬಿಡುತ್ತಿದ್ದ.

ಕಾಕಾನ ಊರು ಬೀಳಗಿ ತಾಲೂಕಿನ ಅನಗವಾಡಿ, ಮನೆದೇವರು ಬೀರಪ್ಪ. ಹದಿನಾಲ್ಕನೇ ವಯಸ್ಸಿಗೆ ಅಪ್ಪ ಹೋದ, ಎರಡು ವರ್ಷಕ್ಕೆ ಅವ್ವನೂ ಹೋದಳು. ಆಗ ತಂಗಿ ಹೊಳೆವ್ವನಿಗೆ ಹನ್ನೊಂದು, ತಮ್ಮ ಗುರುಪಾದನಿಗೆ ಇನ್ನೂ ಮೂರು ತುಂಬಿರಲಿಲ್ಲ. ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಈ ಕೂಸನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದನಂತೆ. ಗುರುಪಾದನ ಹಾಲುಹಲ್ಲು ಬಿದ್ದದ್ದು ಯಾರದೋ ಹೊಲದ ಕುರಿಹಟ್ಟಿಯಲ್ಲಿ. ಅವನಿಗೆ ಜ್ವರ ಬಂದಾಗ ಕುರಿಯ ಹಾಲು ಕಾಸಿ ಕುಡಿಸಿದ್ದು, ಅವನನ್ನು ಸಾಲೆಗೆ ಹಾಕಲು ಹಿಂಡಿನ ಅರ್ಧ ಮಾರಿ ಬೀಳಗಿಯಲ್ಲಿ ಖೋಲಿ ಹಿಡಿದದ್ದು, ಇವನ್ನೆಲ್ಲ ಕಾಕಾ ನನಗೆ ಹೇಳಿದವನಲ್ಲ. ರನ್ನ ಬೆಳಗಲಿಗೆ ಮದುವೆಯಾಗಿ ಹೋದ ಹೊಳೆವ್ವ ಹೇಳಿದ್ದು. ಕಾಕಾನಿಗೆ ತನ್ನ ಬಗ್ಗೆ ಹೇಳಿಕೊಳ್ಳುವ ಚಟವೇ ಇರಲಿಲ್ಲ.

ಅವನದೂ ಮದುವೆ ಆಗಿತ್ತು. ಎರಡನೇ ವರ್ಷಕ್ಕೆ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಮಂದಿ ಇನ್ನೊಂದು ಮಾಡಿಕೋ ಎಂದರು. ಬಂದವಳು ಗುರುಪಾದನನ್ನು ನೋಡಿಕೊಳ್ಳುತ್ತಾಳೋ ಇಲ್ಲವೋ ಎಂದು ಇವನು ಒಲ್ಲೆ ಅಂದ. ಗುರುಪಾದ ಜಮಖಂಡಿಯಲ್ಲಿ ಐಟಿಐ ಓದಿದ, ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆದ. ಶೀತಲ್ ಎಂಬ ಹುಡುಗಿಯ ಜೊತೆ ಅವನ ಮದುವೆ ಮಾಡಿದ್ದೂ ಕಾಕಾನೇ. ಎರಡು ಮಕ್ಕಳಾದವು. ಎಲ್ಲರೂ ಒಂದೇ ಮನೆ, ಒಂದೇ ಒಲೆ.

ಕಾಕಾ ಆಮೇಲೆ ಹಿಂಡು ಮೇಯಿಸುವುದು ಬಿಟ್ಟು ಟಗರು ವ್ಯಾಪಾರಕ್ಕೆ ಇಳಿದ. ಸಂತೆಯಲ್ಲಿ ಮರಿ ಕೊಂಡು, ನಾಲ್ಕು ತಿಂಗಳು ಮೇಯಿಸಿ ಮಾರುವುದು. ನಲವತ್ತೇಳನೇ ವಯಸ್ಸಿಗೆ ಡ್ರೈವಿಂಗ್ ಕಲಿತು ಒಂದು ಹಳೇ ಬಿಳಿ ಕಾರು ಕೊಂಡ. ಹಿಂದಿನ ಸೀಟು ಕಿತ್ತು, ಕಂಬಳಿ ಹಾಸಿ, ಮರಿಗಳನ್ನು ಅದರಲ್ಲಿ ಕೂರಿಸಿಕೊಂಡು ಮುಧೋಳ, ಮಹಾಲಿಂಗಪುರ, ಬನಹಟ್ಟಿ ತಿರುಗುತ್ತಿದ್ದ. ಮಕ್ಕಳನ್ನು ಸಾಲೆಗೆ ಬಿಡುವ ದಿನ ಸೀಟು ಮತ್ತೆ ಹಾಕುವುದು. ಗಾಡಿಯಲ್ಲಿ ಕುರಿಯ ವಾಸನೆ ಹೋಗುತ್ತಲೇ ಇರಲಿಲ್ಲ, ಶೀತಲ್ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹತ್ತುತ್ತಿದ್ದಳು. ನಲವತ್ತರ ಮೇಲೆ ಅವನ ಸ್ಪೀಡಿನ ಮುಳ್ಳು ಏರಿದ್ದನ್ನು ನಾನಂತೂ ನೋಡಿಲ್ಲ. ಕಾಕಾ ನೀವು ನಡೆದೇ ಹೋಗಬಹುದಿತ್ತಲ್ಲ ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

ಮೊದಲ ವರ್ಷದ ಪಾಲಿಸಿ ಮಾಡಿಸಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಗಾಡಿಯ ಮಾಲೀಕನೇ ಓಡಿಸುವಾಗ ಅಪಘಾತವಾಗಿ ಸತ್ತರೆ ಒಂದು ದೊಡ್ಡ ಮೊತ್ತ ಬರುತ್ತದೆ. ಈಗ ಅದು ಹದಿನೈದು ಲಕ್ಷ. ಅದು ಯಾರ ಕೈಗೆ ಹೋಗಬೇಕು ಎಂದು ಒಂದು ಹೆಸರು ಬರೆಯಬೇಕು, ಅವರೇ ನಾಮಿನಿ. ಯಾರ ಹೆಸರು ಬರೆಯಲಿ ಎಂದು ಕೇಳಿದೆ. ಅವನು ಯೋಚನೆಯನ್ನೇ ಮಾಡಲಿಲ್ಲ.

"ಗುರುಪಾದ ಅಂತ ಬರಿ. ಕಾಗದದಾಗ ತಮ್ಮ ಅಂತ ಹಾಕು. ಖರೆ ಅಂದ್ರ ಅವ ನನ್ನ ಮಗ."

ಬರೆದೆ. ಅಲ್ಲಿಂದ ಪ್ರತಿ ವರ್ಷ ಅದೇ ಹೆಸರು.

ಅವರ ಮನೆಯ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಬನ್ನಿಹಬ್ಬದ ದಿನ ಗಾಡಿಗೆ, ಕತ್ತರಿಗೆ, ಕುಡುಗೋಲಿಗೆ ಪೂಜೆ ಮಾಡುತ್ತಾರಲ್ಲ, ಕಾಕಾ ಆ ದಿನವೇ ಹೊಸ ಪಾಲಿಸಿಯನ್ನೂ ಪೂಜೆಗೆ ಇಡುತ್ತಿದ್ದ. ಅದಕ್ಕೆಂದೇ ಹಬ್ಬಕ್ಕೆ ಎರಡು ದಿನ ಮೊದಲು ನನ್ನ ಅಂಗಡಿಗೆ ಬರುವುದು. ಕಾಗದಕ್ಕೆ ಭಂಡಾರದ ಅರಿಶಿನ ಹಚ್ಚಿ, ಹಿಂದಿನ ವರ್ಷಗಳ ಕಾಗದದ ಜೊತೆ ಸೇರಿಸಿ, ಹಳೇ ಕಂಬಳಿಯ ತುಂಡಿನಲ್ಲಿ ಗಂಟು ಕಟ್ಟಿ ದೇವರ ಜಗಲಿಯ ಮೇಲೆ ಬೀರಪ್ಪನ ಮಗ್ಗುಲಿಗೆ ಇಡುತ್ತಿದ್ದ. ದೇವರ ಹತ್ತಿರ ಇಟ್ಟ ಗಂಟನ್ನು ಮುಂದಿನ ಬನ್ನಿಯ ತನಕ ಯಾರೂ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಗಾಡಿಗೆ ಕೇಡು ಎಂದು ಕಾಕಾ ಮನೆಯವರಿಗೆಲ್ಲ ಹೇಳಿಟ್ಟಿದ್ದ. ಪೊಲೀಸರಿಗೆ ತೋರಿಸಲು ಮೊದಲ ಪುಟದ ಝೆರಾಕ್ಸ್ ಒಂದು ಗಾಡಿಯಲ್ಲಿ ಇರುತ್ತಿತ್ತು. ನಾಮಿನಿಯ ಹೆಸರು ಇರುವುದು ಎರಡನೇ ಪುಟದಲ್ಲಿ. ಹಾಗಾಗಿ ಆ ಗಂಟಿನಲ್ಲಿ ಯಾರ ಹೆಸರಿದೆ ಎಂಬುದು ಇಬ್ಬರಿಗೇ ಗೊತ್ತು, ಕಾಕಾನಿಗೆ ಮತ್ತು ನನಗೆ.

ಹೋದ ಡಿಸೆಂಬರ್, ಕಬ್ಬಿನ ಹಂಗಾಮು. ಮಹಾಲಿಂಗಪುರದಿಂದ ಎರಡು ಮರಿ ಹಾಕಿಕೊಂಡು ಕಾಕಾ ಮುಧೋಳದ ಕಡೆ ಬರುತ್ತಿದ್ದ. ಸಂಜೆ ಆರೂವರೆ. ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಡಬ್ಬಿ ಸಮೇತ ಪಂಕ್ಚರ್ ಆಗಿ ನಿಂತಿತ್ತು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಕಾಕಾ ಹೋಗಿ ಅದಕ್ಕೆ ಗುದ್ದಿದ. ಎದೆ ಸ್ಟೇರಿಂಗಿಗೆ ಬಡಿದು ನಾಲ್ಕು ದಿನ ಉಸಿರು ಎಳೆಯಲು ಕಷ್ಟಪಟ್ಟ, ಮೂಗು ಒಡೆಯಿತು. ಬೀರಪ್ಪ ದೊಡ್ಡವನು, ಜೀವ ಉಳಿಯಿತು. ಮರಿಗಳಿಗೂ ಏನೂ ಆಗಲಿಲ್ಲ. ಗಾಡಿಯ ಮುಖ ಮಾತ್ರ ಹೋಯಿತು. ಟೋ ಮಾಡಿಸಿ ಜಮಖಂಡಿಯ ಗ್ಯಾರೇಜಿಗೆ ಹಾಕಿಸಿದವನು ನಾನೇ. ಚಿಂತೆ ಬೇಡ ಕಾಕಾ, ಫುಲ್ ಇನ್ಶೂರನ್ಸ್ ಇದೆ ಎಂದು ಧೈರ್ಯ ಹೇಳಿದೆ.

ವಾರದ ಮೇಲೆ ಕಂಪನಿಯ ಸರ್ವೇಯರ್ ಬಾಳಾಸಾಹೇಬ ನಷ್ಟ ನೋಡಲು ಬಂದ. ನಾಲ್ಕು ಕಡೆಯಿಂದ ಫೋಟೋ ಹೊಡೆದ. ಆಮೇಲೆ ಮೊಬೈಲಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿದವನು ಹುಬ್ಬು ಗಂಟು ಹಾಕಿದ. ಸರ್ಕಾರದ ದಾಖಲೆಯಲ್ಲಿ ಈ ಗಾಡಿಗೆ ನನ್ನ ಕಂಪನಿಯ ಹೆಸರಿನ ಜೊತೆ ಬೇರೊಂದು ಕಂಪನಿಯದೂ ಇತ್ತು. ಎರಡೂ ಚಾಲ್ತಿಯಲ್ಲಿರುವ ಪಾಲಿಸಿಗಳೇ. ಎರಡೂ ಧರೆಪ್ಪನ ಹೆಸರಿನಲ್ಲಿ.

"ಎರಡೂ ಕಡೆ ರೊಕ್ಕಾ ತಗೊಳ್ಳೂ ವಿಚಾರ ಏನ್ರಿ ಯಜಮಾನ್ರ?" ಎಂದು ಕಾಕಾನನ್ನು ಕೇಳಿದ.

ಕಾಕಾನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನನ್ನ ಮುಖ ನೋಡಿದ. ನನಗೂ ತಿಳಿಯಲಿಲ್ಲ. ಒಂದು ಗಾಡಿಗೆ ಎರಡು ಪಾಲಿಸಿ ಇದ್ದರೆ ಅದೇನು ಜೈಲಿಗೆ ಹಾಕುವ ಅಪರಾಧವಲ್ಲ. ಆದರೆ ಒಂದೇ ನಷ್ಟಕ್ಕೆ ಎರಡು ಕಡೆ ಕೈ ಚಾಚಿದರೆ ಅದು ಮೋಸ. ಎರಡನೆಯದು ಎಂಥದ್ದು, ಯಾಕೆ ಮಾಡಿಸಿದ್ದು, ಅದರ ಪ್ರತಿ ತಂದು ತೋರಿಸುವ ತನಕ ಫೈಲು ಮುಂದೆ ಹೋಗುವುದಿಲ್ಲ ಎಂದು ಬಾಳಾಸಾಹೇಬ ಹೊರಟ. ಹೋಗುವಾಗ ಗ್ಯಾರೇಜಿನವನ ಕಡೆ ನೋಡಿ ನಕ್ಕ. ಅರವತ್ತೆರಡು ವರ್ಷ ಯಾರ ಹೊಲದ ಒಂದು ಕಡ್ಡಿಯನ್ನೂ ಮುರಿಯದ ಮನುಷ್ಯನನ್ನು ನೋಡಿ ಹಾಗೆ ನಕ್ಕಾಗ ನನ್ನ ಮೈ ಉರಿಯಿತು.

ಅಂಗಡಿಗೆ ಬಂದ ಮೇಲೆ ಕಾಕಾ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಇದ್ದ. ಗಿರಾಕಿಗಳು ಇದ್ದರು, ಅವನು ಅದನ್ನು ಲೆಕ್ಕಕ್ಕೇ ಇಡಲಿಲ್ಲ.

"ನನಗ ಇಂಗ್ಲೀಷ್ ಓದಾಕ ಬರೂದಿಲ್ಲಂತ ನನ್ನ ಹೆಸರಲೆ ಎರಡ ಕಡೆ ಕಮಿಷನ್ ತಿಂದಿಯೇನೋ ಕಳ್ಳಾ?"

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ನಿಮ್ಮ ಆ ಕುರಿನಾತದ ಗಾಡಿಯಿಂದ ನನ್ನ ಮನೆಯ ಮಾಡು ಏಳಬೇಕಾಗಿಲ್ಲ ಎಂದೆ. ಹದಿನೈದು ವರ್ಷದ ವಿಶ್ವಾಸಕ್ಕೆ ಇದೇ ಏನು ಬೆಲೆ ಎಂದೆ. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆಯಾಗುತ್ತದೆ. ಕೊನೆಗೆ, ನಾಳೆಯೇ ಆ ಇನ್ನೊಂದು ಕಂಪನಿಗೆ ಹೋಗಿ ನಿಮ್ಮ ಕಣ್ಣೆದುರೇ ಕಾಗದ ತೆಗೆಸುತ್ತೇನೆ, ಅದರಲ್ಲಿ ನನ್ನ ಹೆಸರಿದ್ದರೆ ಈ ಅಂಗಡಿಗೆ ಬೀಗ ಹಾಕುತ್ತೇನೆ ಎಂದು ಮೇಜು ಗುದ್ದಿದೆ. ಕಾಕಾ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಎಂಟಕ್ಕೇ ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ. ಇಬ್ಬರೂ ಮಾತಾಡದೆ ನನ್ನ ಬೈಕಿನ ಮೇಲೆ ಬನಹಟ್ಟಿಗೆ ಹೋದೆವು. ಆ ಕಂಪನಿಯ ಕಚೇರಿ ಒಂದು ಮಹಡಿಯ ಮೇಲೆ, ಕೆಳಗೆ ಮಗ್ಗಗಳು. ಆ ಖಟಖಟ ಸದ್ದಿನಲ್ಲಿ ಒಂದು ಮಾತನ್ನು ಎರಡು ಸಲ ಹೇಳಬೇಕು. ಅಲ್ಲಿನ ಕಾಂಚನಾ ಎಂಬ ಹೆಣ್ಣುಮಗಳು ಕಾಕಾನ ಆಧಾರ್ ಕಾರ್ಡು, ಗಾಡಿಯ ಆರ್‌ಸಿ ನೋಡಿದಳು. ಪಾಲಿಸಿ ಅವನ ಹೆಸರಿನಲ್ಲೇ ಇದ್ದದ್ದರಿಂದ ಏನೂ ತಕರಾರು ಮಾಡದೆ ಪ್ರಿಂಟ್ ತೆಗೆದುಕೊಟ್ಟಳು. ಎರಡು ವರ್ಷದ್ದು, ಎರಡು ಕಾಗದ. ಯಾವ ಏಜೆಂಟನೂ ಇಲ್ಲ. ಮೊಬೈಲಿನಲ್ಲೇ ಕುಳಿತು ಮಾಡಿಸಿದ್ದು.

ನಾನು ನಿಂತಲ್ಲೇ ಓದಿದೆ. ಮೊಬೈಲ್ ನಂಬರ್ ಇದ್ದ ಜಾಗಕ್ಕೆ ಬಂದಾಗ ಗುರುತು ಸಿಕ್ಕಿತು. ನಮ್ಮ ರಿಜಿಸ್ಟರಿನಲ್ಲಿ ಕಾಕಾನ ನಂಬರಿನ ಕೆಳಗೆ ಬರೆದ ಎರಡನೇ ನಂಬರ್ ಅದು. ಗುರುಪಾದನದು. ನಾಮಿನಿಯ ಜಾಗದಲ್ಲೂ ಗುರುಪಾದ, ಸಂಬಂಧ ತಮ್ಮ.

ಹೇಳಿದೆ. ಹೇಳುವಾಗ, ಗೆದ್ದೆ ಎಂಬ ಒಂದು ಕೆಟ್ಟ ಖುಷಿಯೂ ನನ್ನೊಳಗಿತ್ತು, ಸುಳ್ಳು ಯಾಕೆ ಹೇಳಲಿ. ಕಾಕಾ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಅವನ ಮುಖ ಅರಳಿತು. ನಾನು ಅದಕ್ಕೆ ತಯಾರಿರಲಿಲ್ಲ.

"ಹುಚ್ಚ ಅದಾನ ಅವ. ನಾ ಮರತಗಿರತೇನಿ ಅಂತ ತಾನೂ ಒಂದ ಮಾಡಿಸ್ಯಾನ ನೋಡು. ಗಾಡಿ ಮ್ಯಾಲ ಎಷ್ಟ ಕಾಳಜಿ ಅವಂಗ," ಎಂದ. ನನ್ನ ಕೈ ಹಿಡಿದುಕೊಂಡು, ನಿನ್ನೆ ಅಂದದ್ದನ್ನು ಹೊಟ್ಟೆಗೆ ಹಾಕಿಕೋ ತಮ್ಮಾ ಎಂದು ಬೇಡಿಕೊಂಡ. ಕಾಂಚನಾಳಿಗೂ, ನಮ್ಮ ತಮ್ಮ ಮಾಡಿಸಿದ್ದವ್ವಾ ಎಂದು ಹೆಮ್ಮೆಯಿಂದ ಹೇಳಿದ. ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಅವಳಿಗೆ ಆ ಕಾಗದ ಓದಲು ಬರುತ್ತಿತ್ತಲ್ಲ.

ಕೆಳಗಿಳಿದು ಚಹಾದ ಅಂಗಡಿಯಲ್ಲಿ ಕುಳಿತೆವು. ಹೇಳಲೋ ಬಿಡಲೋ ಎಂದು ನಾನು ಒಂದು ಕಪ್ ಚಹಾ ಮುಗಿಯುವ ತನಕ ಒದ್ದಾಡಿದೆ. ಹೇಳದೆ ಬಿಟ್ಟರೆ ಮುದುಕ ಆ ಖುಷಿಯಲ್ಲೇ ಮನೆಗೆ ಹೋಗುತ್ತಾನೆ. ಆದರೆ ಕಂಪನಿಗೆ ಕೊಡಬೇಕಾದ ಪತ್ರದಲ್ಲಿ ಎಲ್ಲ ಬರೆಯಬೇಕು, ಅದರ ಕೆಳಗೆ ಅವನು ಸಹಿ ಹಾಕಬೇಕು. ಏನಿದೆ ಎಂದು ಹೇಳದೆ ಅವನ ಸಹಿ ತೆಗೆದುಕೊಂಡರೆ ಅವನು ಹಿಂದಿನ ದಿನ ನನಗೆ ಇಟ್ಟ ಹೆಸರು ಖರೆ ಆಗುತ್ತದೆ.

ಆದಷ್ಟು ಮೆತ್ತಗೆ ಹೇಳಿದೆ. ಈ ಎರಡನೇ ಪಾಲಿಸಿ ನಾನು ಮಾಡಿಸುವಂಥದ್ದಲ್ಲ. ಇದು ಥರ್ಡ್ ಪಾರ್ಟಿ. ನಿಮ್ಮ ಗಾಡಿ ಯಾರಿಗಾದರೂ ಬಡಿದರೆ ಅವರಿಗೆ ಸಿಗುತ್ತದೆ, ಅದು ಕಾಯಿದೆ, ಎಲ್ಲ ಪಾಲಿಸಿಯಲ್ಲೂ ಇರುತ್ತದೆ. ನಿಮ್ಮ ಗಾಡಿಯ ಒಂದು ದೀಪ ಒಡೆದರೂ ಇದು ಒಂದು ಪೈಸೆ ಕೊಡುವುದಿಲ್ಲ.

"ಮತ್ತ ಏನಕ್ಕ ಕೊಡತೈತಿ?"

"ನೀವು ಗಾಡಿ ಹೊಡೆಯೂವಾಗ ಸತ್ರ ಕೊಡತೈತ್ರಿ ಕಾಕಾ. ಗುರುಪಾದಗ."

ಅವನು ಚಹಾದ ಬಸಿಯನ್ನು ಕೆಳಗಿಟ್ಟ. ಮೊದಲನೆಯದನ್ನು ಯಾವಾಗ ಮಾಡಿಸ್ಯಾನ ಎಂದು ಕೇಳಿದ. ಹಿಂದಿನ ವರ್ಷದ ಜೂನ್ ಕೊನೆಯ ದಿನ ಎಂದೆ. ಅವನಿಗೆ ತಾರೀಖು ತಿಳಿಯುವುದಿಲ್ಲ. ಕಾರಹುಣ್ಣಿಮೆಯ ಮುಂದೋ ಹಿಂದೋ ಎಂದು ಕೇಳಿದ. ಮೊಬೈಲಿನಲ್ಲಿ ಪಂಚಾಂಗ ನೋಡಿ, ಹುಣ್ಣಿಮೆಯಾಗಿ ಒಂಬತ್ತು ದಿನಕ್ಕೆ ಎಂದೆ. ಆ ಹುಣ್ಣಿಮೆಯ ಮರುದಿನವೇ ಗುರುಪಾದ ಅವನನ್ನು ಮುಧೋಳಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದ್ದನಂತೆ. ಡಾಕ್ಟರು ಇವನನ್ನು ಹೊರಗೆ ಕೂರಿಸಿ ಗುರುಪಾದನ ಜೊತೆ ಮಾತಾಡಿದರಂತೆ. ಗುರುಪಾದ ಹೊರಗೆ ಬಂದು, ಏನಿಲ್ಲ, ಹನಿ ಕೊಟ್ಟಾರ ಎಂದನಂತೆ. ಇಷ್ಟು ಹೇಳಿ ಕಾಕಾ ಆ ಕಾಗದಗಳನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಭಾನುವಾರ ಗುರುಪಾದನಿಗೆ ರಜೆ. ಕಾಕಾ ನನ್ನನ್ನು ಅನಗವಾಡಿಗೆ ಕರೆಸಿಕೊಂಡ. ಓದಲು ಒಬ್ಬರು ಬೇಕು ಎಂದ. ನನಗೆ ಪರರ ಮನೆಯ ಜಗಳದಲ್ಲಿ ಏನು ಕೆಲಸ, ಆದರೂ ಹೋದೆ. ಹೋಗದಿದ್ದರೆ ಆ ವಾರವೆಲ್ಲ ನಿದ್ದೆ ಬರುತ್ತಿರಲಿಲ್ಲ. ಊಟದ ಹೊತ್ತು. ಶೀತಲ್ ರೊಟ್ಟಿ ಬಡಿಯುತ್ತಿದ್ದಳು, ಮಕ್ಕಳು ಹೊರಗೆ ಆಡಲು ಹೋಗಿದ್ದವು. ಕಾಕಾ ಬನಹಟ್ಟಿಯ ಕಾಗದಗಳನ್ನು ತಮ್ಮನ ಮುಂದೆ ಹಾಕಿದ. ಗುರುಪಾದ ಕೈಯಲ್ಲಿ ಹಿಡಿದು ನೋಡಿದ, ಸುಳ್ಳು ಹೇಳಲು ಹೋಗಲಿಲ್ಲ. ಅಷ್ಟರ ಮಟ್ಟಿಗೆ ಅವನು ಕಾಕಾ ಬೆಳೆಸಿದ ಹುಡುಗನೇ.

ಮೊದಮೊದಲು ತಡವರಿಸಿದ, ಆಮೇಲೆ ಒಂದೇ ಸಮನೆ ಹೇಳತೊಡಗಿದ. ತಿಂಗಳಿಗೆ ಎರಡು ಸಲ ಗಾಡಿ ತೆಗೆದುಕೊಂಡು ರನ್ನ ಬೆಳಗಲಿಗೆ ಹೋಗುತ್ತೀ. ಗಂಡ ಇಲ್ಲದ ತಂಗಿ ಎಂದು ಹೊಳೆವ್ವಕ್ಕನಿಗೆ ಮರಿ ಕೊಡುತ್ತೀ, ಕಾಳು ಕೊಡುತ್ತೀ, ನಾನು ಬೇಡ ಅಂದವನಲ್ಲ. ಆದರೆ ಪಾಲಿಸಿಯಲ್ಲೂ ಅವಳ ಹೆಸರೇ ಬರೆಸಿರುತ್ತೀ ಎಂದು ಮನೆಯಲ್ಲಿ ಮಾತಾಯಿತು. ನನಗೂ ಎರಡು ಮಕ್ಕಳಿದ್ದಾರೆ. ನಾಳೆ ನಿನಗೆ ಹೆಚ್ಚುಕಡಿಮೆ ಆದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ. ಇದು ಅವನ ವಾದ. ಮನೆಯಲ್ಲಿ ಮಾತಾಯಿತು ಅಂದಾಗ ಒಲೆಯ ಮುಂದೆ ರೊಟ್ಟಿಯ ಸದ್ದು ನಿಂತಿತು.

"ಮುಧೋಳದಾಗ ಡಾಕ್ಟರ್ ಏನ ಹೇಳಿದ್ರು?" ಕಾಕಾ ಕೇಳಿದ್ದು ಅದೊಂದೇ.

ಗುರುಪಾದ ನೆಲ ನೋಡಿದ.

"ಎರಡೂ ಕಣ್ಣಿಗೆ ಪರೆ ಬಂದೈತಿ, ಆಪರೇಷನ್ ಆಗೂಮಟ ಸಂಜಿ ಮುಂದ ಗಾಡಿ ಹೊಡೀಬಾರದು ಅಂದ್ರು. ನಿನಗ ಹೇಳಿದ್ರ ನೀ ಎಲ್ಲಿ ಕೇಳತಿದ್ದಿ ಅಣ್ಣಾ?"

"ಹೇಳಿ ನೋಡಬೇಕಾಗಿತ್ತು."

ಕಾಕಾನ ದನಿ ಏರಲೇ ಇಲ್ಲ. ಅವನು ಬೈದಿದ್ದರೆ, ಎದ್ದು ಎರಡು ಬಾರಿಸಿದ್ದರೆ ನಮ್ಮೆಲ್ಲರಿಗೂ ಹಗುರಾಗುತ್ತಿತ್ತು.

"ನನಗ ಕಣ್ಣ ಕಾಣೂದಿಲ್ಲಂತ ನಿನಗ ಗೊತ್ತಿತ್ತು. ನನಗ ಹೇಳಲಿಲ್ಲ. ಕೈಯಾನ ಕೀಲಿ ಕಸಗೊಳ್ಳಲಿಲ್ಲ. ಹೋಗಿ ಪಾಲಿಸಿ ಮಾಡಿಸಿದಿ. ಹೌದಲ್ಲೋ ಗುರ್ಯಾ?"

ಒಂದೂವರೆ ವರ್ಷ. ಒಂದೂವರೆ ವರ್ಷ ದಿನಾ ಆ ಮನೆಯ ಅಂಗಳದಿಂದ ಆ ಗಾಡಿ ಹೊರಟಿದೆ, ಸಂಜೆಯೂ ಹೊರಟಿದೆ. ಬಾಗಿಲಲ್ಲಿ ನಿಂತು ಇವರು ನೋಡಿದ್ದಾರೆ. ಎಷ್ಟೋ ಸಲ ಬರುವಾಗ ಇದು ತಾ, ಅದು ತಾ ಎಂದು ಹೇಳಿ ಕಳಿಸಿದ್ದಾರೆ. ಸಾಯಲಿ ಎಂದು ಕಳಿಸಿದರು ಎಂದು ನಾನು ಹೇಳಲಾರೆ. ಗುರುಪಾದ ಅಷ್ಟು ಕೆಟ್ಟವನಲ್ಲ. ಆದರೆ ಸತ್ತರೆ ನಮಗೇನು ಎಂಬುದಕ್ಕೆ ಅವನು ವ್ಯವಸ್ಥೆ ಮಾಡಿಕೊಂಡ, ಸಾಯದ ಹಾಗೆ ನೋಡಿಕೊಳ್ಳುವುದಕ್ಕೆ ಮಾಡಲಿಲ್ಲ. ನನಗೆ ಆ ಮನೆಯ ನೀರೂ ಬೇಡವಾಯಿತು.

ಕಾಕಾ ಜಗಲಿಯ ಕಡೆ ಕೈ ತೋರಿಸಿ, ಆ ಗಂಟು ಇಳಿಸು ಎಂದ. ಗುರುಪಾದ ಹಿಂದೆ ಸರಿದ. ಬನ್ನಿಗೆ ಇನ್ನೂ ಹತ್ತು ತಿಂಗಳಿದೆ, ಈಗ ಬಿಚ್ಚಿದರೆ ಕೇಡು, ನೀನೇ ಹೇಳಿದ್ದಿ ಎಂದ. ಮುಖದಲ್ಲಿ ಖರೇ ಹೆದರಿಕೆ ಇತ್ತು. ನೋಡಿ, ಇದಕ್ಕೆ ನಗಬೇಕೋ ಅಳಬೇಕೋ. ಅಣ್ಣನ ಹೆಸರಿನಲ್ಲಿ ಕಳ್ಳ ಪಾಲಿಸಿ ಮಾಡಿಸಲು ಹೆದರದ ಮನುಷ್ಯ ಒಂದು ಕಂಬಳಿ ತುಂಡಿನ ಗಂಟು ಬಿಚ್ಚಲು ಹೆದರಿದ. ಯಾವತ್ತಾದರೂ ಒಮ್ಮೆ ಧೈರ್ಯ ಮಾಡಿ ಬಿಚ್ಚಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ.

ಕಾಕಾನೇ ಎದ್ದು ಗಂಟು ಇಳಿಸಿದ, ಬಿಚ್ಚಿ ನನ್ನ ಮುಂದೆ ಹರಡಿದ. ಭಂಡಾರ ನೆಲಕ್ಕೆಲ್ಲ ಉದುರಿತು. ಹದಿನೈದು ವರ್ಷದ ಕಾಗದ. ಎರಡನೇ ಪುಟ ಓದು ಎಂದ. ಒಂದೊಂದಾಗಿ ತೆಗೆದು ಓದಿದೆ. ನಾಮಿನಿ ಗುರುಪಾದ, ಸಂಬಂಧ ತಮ್ಮ. ಮುಂದಿನದು, ನಾಮಿನಿ ಗುರುಪಾದ, ಸಂಬಂಧ ತಮ್ಮ. ನಾಲ್ಕನೆಯದಕ್ಕೆ ಗುರುಪಾದ ಸಾಕು ಅಂದ. ಕಾಕಾ ಓದು ಅಂದ. ಹದಿನೈದೂ ಓದಿದೆ. ಹೊಳೆವ್ವನ ಹೆಸರು ಒಂದರಲ್ಲೂ ಇರಲಿಲ್ಲ. ಶೀತಲ್ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲ ಹತ್ತಿರ ನಿಂತಿದ್ದಳು. ಹೆಂಚಿನ ಮೇಲೆ ರೊಟ್ಟಿ ಹೊತ್ತಿ ಮನೆಯೆಲ್ಲ ವಾಸನೆ ತುಂಬಿದರೂ ಯಾರೂ ಏಳಲಿಲ್ಲ.

ಗುರುಪಾದ ಅಣ್ಣನ ಕಾಲು ಹಿಡಿದ. ತಪ್ಪಾತಣ್ಣಾ, ತಪ್ಪಾತು ಎಂದು ಅತ್ತ. ನಲವತ್ತೆಂಟು ವರ್ಷದ ಗಂಡಸು ಕೂಸಿನ ಹಾಗೆ ಅಳುವುದನ್ನು ನೋಡಲಾರದೆ ನಾನು ಹೊರಗೆ ಬಂದು ಬೈಕಿನ ಹತ್ತಿರ ನಿಂತೆ. ಸ್ವಲ್ಪ ಹೊತ್ತಿಗೆ ಕಾಕಾ ಒಂದು ಕೈಚೀಲ ಹಿಡಿದು ಬಂದ. ರನ್ನ ಬೆಳಗಲಿಗೆ ಬಿಡು ಎಂದ. ದಾರಿಯಲ್ಲಿ ಒಮ್ಮೆ ಮಾತ್ರ ಬಾಯಿ ಬಿಟ್ಟ. ಅವನು ಕೇಳಿದ್ದರೆ ಗಾಡಿ ಏನು, ಮನೆಯನ್ನೂ ಬರೆದುಕೊಡುತ್ತಿದ್ದೆ, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದ.

ಕ್ಲೇಮ್ ಪಾಸಾಯಿತು. ಎರಡನೇ ಪಾಲಿಸಿಯಲ್ಲಿ ಗಾಡಿಗೆ ಏನೂ ಇಲ್ಲದ್ದರಿಂದ ಬಾಳಾಸಾಹೇಬನಿಗೂ ತಕರಾರು ತೆಗೆಯಲು ಏನೂ ಸಿಗಲಿಲ್ಲ. ನಕ್ಕದ್ದಕ್ಕೆ ಅವನು ಕಾಕಾನ ಮುಂದೆ ಮಾಫಿ ಕೇಳುವಂತೆ ನಾನು ಮಾಡಿದೆ. ಕಾಕಾನಿಗೆ ಅದೆಲ್ಲ ಬೇಕಾಗಿರಲಿಲ್ಲ. ಜನವರಿಯಲ್ಲಿ ಹೊಳೆವ್ವ ನಿಂತು ಅವನ ಕಣ್ಣಿನ ಆಪರೇಷನ್ ಮಾಡಿಸಿದಳು. ಈಗ ಚೆನ್ನಾಗಿ ಕಾಣುತ್ತದೆ. ಅನಗವಾಡಿಗೆ ಮಾತ್ರ ಅವನು ತಿರುಗಿ ಹೋಗಲಿಲ್ಲ.

ಫೆಬ್ರವರಿಯಲ್ಲಿ ಇಬ್ಬರೂ ನನ್ನ ಅಂಗಡಿಗೆ ಬಂದರು. ಕಾಕಾ ಬೆಳಗಲಿಯಿಂದ ಬಸ್ಸಿಗೆ, ಗುರುಪಾದ ಅನಗವಾಡಿಯಿಂದ ಬೇರೆ ಬಸ್ಸಿಗೆ. ಗಾಡಿಯನ್ನು ಗುರುಪಾದನ ಹೆಸರಿಗೆ ಮಾಡಿಬಿಡು ಎಂದು ಕಾಕಾ ಫೋನಿನಲ್ಲಿ ಮೊದಲೇ ಹೇಳಿದ್ದ. ಮಾರ್‍ರಿ, ನಾಲ್ಕು ದುಡ್ಡು ಬರುತ್ತದೆ, ಅವನಿಗ್ಯಾಕೆ ಪುಕ್ಕಟೆ ಎಂದು ನಾನೂ ಜಗಳ ಆಡಿದ್ದೆ, ಹೊಳೆವ್ವನೂ ಬೈದಿದ್ದಳು. ಅದರಲ್ಲಿ ಮಕ್ಕಳು ಸಾಲೆಗೆ ಹೋಗುತ್ತಾರೆ, ಮಕ್ಕಳದೇನು ತಪ್ಪು ಎಂದು ಅವನು ನಮ್ಮ ಮಾತು ಕೇಳಲಿಲ್ಲ. ಆರ್‌ಟಿಓ ಕಚೇರಿಯ ಫಾರ್ಮುಗಳಿಗೆ ಕಾಕಾ ಸಹಿ ಹಾಕಿದ. ಈ ಸಲ ಪ್ರತಿಯೊಂದನ್ನೂ ಏನು ಎಂದು ಕೇಳಿ, ಓದಿಸಿಕೊಂಡು ಹಾಕಿದ.

ಮಾಲೀಕ ಬದಲಾದ ಮೇಲೆ ಪಾಲಿಸಿಯೂ ಗುರುಪಾದನ ಹೆಸರಿಗೆ ಆಗಬೇಕು. ಹೊಸ ಅರ್ಜಿ ತುಂಬುತ್ತಾ ಬಂದೆ. ನಾಮಿನಿಯ ಜಾಗ ಬಂತು. ಯಾರ ಹೆಸರು ಎಂದು ಗುರುಪಾದನನ್ನು ಕೇಳಿದೆ. ಅವನು ಅಣ್ಣನ ಕಡೆ ನೋಡದೆ, ಮೇಜಿನ ಅಂಚು ಹಿಡಿದುಕೊಂಡು, ಅಣ್ಣನ ಹೆಸರು ಬರೀರಿ ಎಂದ. ಅವನು ಅದನ್ನು ಮನಸ್ಸಿನಿಂದಲೇ ಹೇಳಿದ, ನನಗೆ ಅನುಮಾನವಿಲ್ಲ. ನಾನು ಪೆನ್ನು ಊರಿ ಧ ಎಂದು ಬರೆದದ್ದೂ ಆಗಿತ್ತು.

ಕಾಕಾ ನನ್ನ ಕೈ ಹಿಡಿದ.

"ಬ್ಯಾಡ, ಕಲ್ಮೇಶ. ಅದನ್ನ ಕಾಟ ಹೊಡಿ. ಅವ ಸತ್ರ ನನಗ ಏನೂ ಬರಬಾರದು."

ಗುರುಪಾದ ಎದ್ದು ಹೊರಗೆ ಹೋದ. ನಾನು ಆ ಅಕ್ಷರ ಹೊಡೆದುಹಾಕಿ ಶೀತಲ್ ಎಂದು ಬರೆದೆ. ಸಂಬಂಧ ಹೆಂಡತಿ.